ಗೋಬರ್ ಗ್ಯಾಸ್ ಗುಂಡಿಗೆ ಸುರಿದ ಉಪ್ಪುನೀರು

ಬೋನಾಳದ ನಮ್ಮ ಮನೆಯ ಹಿತ್ತಲಲ್ಲಿ ಗೋಬರ್ ಗ್ಯಾಸ್ ಗುಂಡಿ ಕಟ್ಟಿಸಿದ್ದು ಅತ್ತೆಯ ದಮ್ಮಿನ ಸಲುವಾಗಿ. ಇನ್ನು ಒಲೆಯ ಹೊಗೆ ಕುಡಿದರೆ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಶಹಾಪುರದ ಡಾಕ್ಟರು ಅವರ ಮುಖಕ್ಕೇ ಹೇಳಿದ್ದರು. ಸಿಲಿಂಡರ್ ಎಂದರೆ ಅವರಿಗೆ ಪ್ರಾಣಭಯ. ಅಡುಗೆಯನ್ನು ಸೊಸೆಯಾದ ನನ್ನ ಕೈಗೆ ಕೊಡುವುದೆಂದರೆ ಅದಕ್ಕಿಂತ ದೊಡ್ಡ ಭಯ! ಮನೆಯಲ್ಲಿ ಎಮ್ಮೆಗಳಿದ್ದವು, ಸಗಣಿಗೇನೂ ಕೊರತೆ ಇರಲಿಲ್ಲ. ನೀಲಿ ಉರಿಯ ಮುಂದೆ ಕೂತು ರೊಟ್ಟಿ ಬೇಯಿಸತೊಡಗಿದ ಮೇಲೆ ಅವರ ಎದೆಯ ಗೊರಗೊರ ಸದ್ದು ಇಳಿಯಿತು.

ನಮ್ಮದು ಮೀನು ಹಿಡಿಯುವ ಮನೆತನ. ಮಾರಿ ಉಳಿದ ಮೀನಿಗೆ ಅತ್ತೆ ಗಡಿಗೆಯಲ್ಲಿ ಉಪ್ಪು ಹಾಕಿಟ್ಟು, ಆಮೇಲೆ ಒಣಗಿಸಿ ಕೆಂಭಾವಿ ಸಂತೆಗೆ ಕಳಿಸುತ್ತಿದ್ದರು. ಗಡಿಗೆಯಲ್ಲಿ ಉಳಿದ ನೀರನ್ನು ಅಂಗಳಕ್ಕೆ ಚೆಲ್ಲುವಂತಿರಲಿಲ್ಲ. ಉಪ್ಪನ್ನು ಯಾರೂ ಕಾಲಲ್ಲಿ ತುಳಿಯಬಾರದೆಂಬುದು ಅವರ ಕಟ್ಟುನಿಟ್ಟು. ಊರಾಚೆ ಬಂಡೆಗಳ ಸಂದಿಗೆ ತಾವೇ ಹೊತ್ತೊಯ್ದು ಸುರಿಯುತ್ತಿದ್ದರು.

ಒಂದು ಬೇಸಿಗೆಯಲ್ಲಿ ಉರಿ ಕುಗ್ಗತೊಡಗಿತು. ಗುಂಡಿಯಿಂದ ಹುಳಿ ವಾಸನೆ ಬರುತ್ತಿತ್ತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಬರ್ನರ್ ತಿಕ್ಕಿದೆ, ಪೈಪು ಊದಿದೆ, ಗಂಡನನ್ನು ಬೈದೆ, ಕೊನೆಗೆ ಎಮ್ಮೆಗಳನ್ನೂ ಬೈದೆ. ಉರಿ ಪೂರ್ತಿ ನಿಂತಿತು. ಅತ್ತೆ ಹತ್ತಿಕಟ್ಟಿಗೆ ತಂದು ಹಳೆಯ ಒಲೆ ಹೊತ್ತಿಸಿದರು.

"ಸರೀರಿ ಅತ್ತಿ, ನಾ ಮಾಡ್ತೀನಿ."

"ನಿನ್ನ ರೊಟ್ಟಿ ಯಾರ ತಿಂತಾರ? ಸುಮ್ನಿರು."

ಗುಂಡಿ ಕಟ್ಟಿದ ಗೋಗಿ ಊರಿನ ಗೌಂಡಿಯನ್ನು ಕರೆಸಿದೆವು. ಅವನು ಮೂಸಿ ನೋಡಿ, "ಸಗಣಿ ಬಿಟ್ಟು ಮತ್ತೇನ್ ಹಾಕಾಕತ್ತೀರಿ?" ಎಂದ. ಏನೂ ಇಲ್ಲವೆಂದು ನಾನು ಜೋರು ಮಾಡಿದೆ. ಒಳಗಿನಿಂದ ಅತ್ತೆಯ ದನಿ ಬಂತು.

"ನಾನ ಮೀನಿನ ಉಪ್ಪುನೀರು ಹಾಕಾಕತ್ತೀನ್ರಿ. ದೂರ ಹೊತ್ಗೊಂಡು ಹೋಗಾಕ ದಮ್ಮು ಸಾಲವಲ್ದು. ಗುಂಡ್ಯಾಗಾದ್ರ ಯಾರೂ ತುಳಿಯಂಗಿಲ್ಲಲ್ರಿ."

ಸಗಣಿಯಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ, ಗ್ಯಾಸ್ ಹುಟ್ಟುವುದು ಅವುಗಳಿಂದಲೇ ಎಂದು ಗೌಂಡಿ ಹೇಳಿದ. ಚೂರುಪಾರು ಉಪ್ಪನ್ನು ಅವು ತಾಳಿಕೊಳ್ಳುತ್ತವೆ. ಗಡಿಗೆಗಟ್ಟಲೆ ಸುರಿದರೆ ಅವುಗಳ ಒಡಲೊಳಗಿನ ನೀರನ್ನೇ ಉಪ್ಪು ಹೊರಗೆಳೆದುಬಿಡುತ್ತದೆ.

ಅತ್ತೆ ಬಾಗಿಲಿಗೆ ಬಂದು ಚೌಕಟ್ಟು ಹಿಡಿದು ನಿಂತರು. "ಸತ್ತ ಮೀನಿಗೆ ಉಪ್ಪು ಹಾಕಿ ಹಾಕಿ ಮುದುಕಿ ಆದೆ. ಜೀವ ಇದ್ದವಕ್ಕೂ ಹಾಕಿದ್ನೇನು?" ಎಂದರು.

ಅರ್ಧ ಗುಂಡಿ ಬರಿದು ಮಾಡಿ, ಸಿಹಿನೀರಿನಲ್ಲಿ ಹೊಸ ಸಗಣಿ ಕಲಸಿ ಹಾಕಿದೆವು. ಗೋಗಿಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಇನ್ನೊಂದು ಗುಂಡಿಯ ರಾಡಿಯನ್ನು ಡ್ರಮ್ಮಿನಲ್ಲಿ ತಂದು ಸೇರಿಸಿದೆವು. ಆದರೂ ಗ್ಯಾಸು ಬೇಗ ಬರಲಿಲ್ಲ. ಅಷ್ಟು ದಿನವೂ ಅತ್ತೆ ಹೊಗೆಯಲ್ಲೇ ಕೂತರು. ನಾನು ಜಗಳವಾಡಿದೆ, ಕಾಲು ಹಿಡಿದೆ. ತಪ್ಪು ತನ್ನದು, ತಾನೇ ಅನುಭವಿಸಬೇಕು ಎಂಬ ಹಟ. ಕೆಮ್ಮು ರಾತ್ರಿ ಹಗಲು ಬಿಡಲಿಲ್ಲ. ಆ ಹಟದ ಮೇಲೆ ನನಗೆ ಈಗಲೂ ಕೋಪವಿದೆ.

ಮಳೆ ಶುರುವಾದ ಮೇಲೆ ಒಂದು ಬೆಳಿಗ್ಗೆ ಬರ್ನರ್ ಹತ್ತಿಕೊಂಡಿತು. ಓಡಿಹೋಗಿ ಹೇಳಿದೆ. ಅವರು ಹಾಸಿಗೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು.

"ಬದುಕ್ಯಾವೇನು?"

"ಬದುಕ್ಯಾವ್ರಿ ಅತ್ತಿ."

ಮುಖ ಅರಳಿತು. ಉರಿ ನೋಡಲು ಎದ್ದೇ ಏಳುತ್ತಾರೆಂದು ಕೈ ಚಾಚಿದೆ. ಅವರು ಆ ಕೈಯನ್ನು ಹಿಡಿದುಕೊಂಡು, ಒಂದೊಂದೇ ಉಸಿರು ಎಳೆಯುತ್ತ ಹೇಳಿದರು:

"ಹೋಗವ್ವ. ರೊಟ್ಟಿ ನೀ ಮಾಡು."