ಹುಟ್ಟದ ಮೈದುನ

ಹೋದ ತಿಂಗಳು ಒಂದು ಮಧ್ಯಾಹ್ನ ಮೊರದಲ್ಲಿ ಅಕ್ಕಿ ಹರವಿಕೊಂಡು ಹಳ್ಳು ಆರಿಸುತ್ತ ಕೂತಿದ್ದೆ. ಹಾನಗಲ್ಲಿನ ನಮ್ಮ ಓಣಿ ಎರಡರಿಂದ ನಾಲ್ಕರವರೆಗೆ ಹೇಗಿರುತ್ತದೆ ಅಂದರೆ, ಯಾರೋ ಜನರನ್ನೆಲ್ಲ ಎತ್ತಿ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕಿದ ಹಾಗೆ. ನಾಯಿ ಕೂಡ ನೆರಳು ಬದಲಿಸಲಿಕ್ಕೆ ಮಾತ್ರ ಏಳುತ್ತದೆ. ಅಂಥ ಹೊತ್ತಿನಲ್ಲಿ ಫೋನು ಟಿಂಗ್ ಅಂದಿತು. ಇ-ಮೇಲು. ನನಗೆ ಇ-ಮೇಲು ಅಂದರೆ ಕರೆಂಟ್ ಬಿಲ್ಲು, ಸೀರೆ ಅಂಗಡಿಯ ರಿಯಾಯಿತಿ, ಇಷ್ಟೇ. ಇದು ಬೇರೆ ಥರ ಶುರುವಾಗಿತ್ತು: "ಪ್ರೀತಿಯ ಸುನಂದಾ, ನಿಮ್ಮ ಅಭಿಪ್ರಾಯ ನಮಗೆ ಬೇಕು."

ಇಲ್ಲಿ ನೀವು ನನ್ನ ಜೋಡಿ ಸ್ವಲ್ಪ ನಿಲ್ಲಬೇಕು. ಈ ಮನೆಯಲ್ಲಿ ಸುನಂದಾ ಎಂಬ ಹೆಂಗಸು ಇಲ್ಲ. ಸವಣೂರಿನ ನನ್ನ ತವರಿನಲ್ಲಿ ಇದ್ದಳು. ಮದುವೆಯ ಅಕ್ಕಿಕಾಳು ಬಿದ್ದ ದಿನ ಗಂಡನ ಮನೆಯವರು ಪದ್ಧತಿಯಂತೆ ಹೆಸರು ಬದಲಿಸಿದರು. ಅವತ್ತಿನಿಂದ ನಾನು ಗಿರಿಜಾ. ಸುನಂದಾ ಅಂತ ಕರೆಯುತ್ತಿದ್ದ ಕೊನೆಯ ಜೀವ ನಮ್ಮವ್ವ. ಅವಳು ಹೋಗಿ ಆರು ವರ್ಷವಾಯಿತು. ಬಿಸಿಲು ಹೊಸ್ತಿಲ ತನಕ ಬಂದು ನಿಂತಿತ್ತು. ಆ ಸಾಲನ್ನು ಇನ್ನೊಮ್ಮೆ ಓದಿದೆ.

ಇಪ್ಪತ್ತು ನಿಮಿಷ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಐನೂರು ರೂಪಾಯಿ, ಇವತ್ತೇ ಕೊನೆಯ ದಿನ, ಅಂತ ಬರೆದಿತ್ತು. ಕರಿಬೇವು ಕೇಳಲಿಕ್ಕೆ ಬಂದ ಪಕ್ಕದ ಮನೆಯ ಶಮೀಮ ಭಾಭಿಗೆ ತೋರಿಸಿದೆ. ಬಂಕಾಪುರದ ಹೆಣ್ಣುಮಗಳು, ಹೊಲಿಗೆ ಮಾಡುತ್ತಾಳೆ, ಮಾತೂ ಕತ್ತರಿ ಹಾಕಿದ ಹಾಗೇ.

"ನನ್ನ ಅಭಿಪ್ರಾಯ ನಮ್ಮ ಮನಿಯವರು ಪುಕ್ಕಟೆ ಕೊಟ್ರೂ ತೊಗೊಳ್ಳಂಗಿಲ್ಲ. ಇವ್ರು ರೊಕ್ಕಾ ಕೊಟ್ಟು ಕೊಳ್ತಾರಂತ? ಮುಚ್ಚಿ ಇಡ್ರಿ ಅಕ್ಕಾರ," ಅಂದಳು.

ನಕ್ಕೆ. ಇದು ಮೋಸವೆಂದು ನನಗೆ ಗೊತ್ತಾಗಲಿಲ್ಲವೆಂದಲ್ಲ. ಕಳಿಸಿದವರ ವಿಳಾಸ ನೋಡಿದರೆ ಮಕ್ಕಳು ಕೀಲಿಮಣೆಯ ಮೇಲೆ ಕೂತೆದ್ದ ಹಾಗೆ ಅಕ್ಷರ, ಅಂಕಿ. ಕಂಪನಿಗೆ ಊರಿಲ್ಲ, ಕೇರಿಯಿಲ್ಲ. 'ಬೇಗ' ಎಂಬ ಮಾತು ಮೂರು ಸಲ ಇತ್ತು. ಆದರೆ ನಿಮ್ಮ ಅಭಿಪ್ರಾಯ ಬೇಕು ಅಂತ ನನ್ನನ್ನು ಕೇಳಿದವರು ಯಾರಿದ್ದಾರೆ ಹೇಳಿ? ಅದೂ ಅವ್ವನ ಬಾಯಿಯ ಹೆಸರು ಹಿಡಿದು. ಭಾಭಿ ಹೋದ ಮೇಲೆ ಲಿಂಕು ಒತ್ತಿಯೇಬಿಟ್ಟೆ.

ಇದರಲ್ಲಿ ನಾನು ಕಲಿತ ಕಾನ್ವೆಂಟಿನ ಪಾಲೂ ಉಂಟು. ಪ್ರಶ್ನೆಪತ್ರಿಕೆಯಲ್ಲಿ ಖಾಲಿ ಜಾಗ ಬಿಡುವುದು ಎದುರಿಗೆ ನಿಂತವರಿಗೆ ಉತ್ತರ ಕೊಡದೆ ಮುಖ ತಿರುಗಿಸಿದ ಹಾಗೆ ಅಂತ ಸಿಸ್ಟರ್ ಒಬ್ಬರು ಕಲಿಸಿದ್ದರು. ಗೊತ್ತಿಲ್ಲದಿದ್ದರೂ ಏನಾದರೂ ಬರೆ, ಮರ್ಯಾದೆಯಿಂದ ಬರೆ. ಇವತ್ತಿಗೂ ಅಂಗಡಿಯ ಚೀಟಿಯಲ್ಲಿ ಖಾಲಿ ಗೆರೆ ಕಂಡರೆ ನನ್ನ ಕೈ ತುರಿಸುತ್ತದೆ.

ಮೊದಲು ಮೊಬೈಲ್ ನಂಬರು ಕೇಳಿತು, ಬರೆದೆ. ಮನೆಯಲ್ಲಿ ಎಷ್ಟು ಜನ? ಮೂರು. ಮಧ್ಯಾಹ್ನ ಮನೆಯಲ್ಲಿ ಯಾರಿರುತ್ತಾರೆ? ಅದಕ್ಕೆ ನಾಲ್ಕು ಉತ್ತರ ಕೊಟ್ಟಿದ್ದರು. 'ನಾನೊಬ್ಬಳೇ' ಎಂಬುದರ ಮುಂದೆ ನಾನು ಮುಟ್ಟುವ ಮೊದಲೇ ಗುರುತು ಬಿದ್ದಿತ್ತು. ಹಿಂದೆ ತಿರುಗಿ ನೋಡಿದೆ. ಅಡಿಗೆಮನೆ, ನೀರಿನ ಹಂಡೆ, ಗೋಡೆಯ ಕ್ಯಾಲೆಂಡರು. ಮನೆಯವರು ಬೀಜದ ಅಂಗಡಿಯಲ್ಲಿ, ಮಗಳು ಶಿಗ್ಗಾಂವಿಯ ಕಾಲೇಜಿನಲ್ಲಿ. ನಾನೊಬ್ಬಳೇ.

ಮುಂದಿನ ಪುಟ: ಮನೆಯವರೆಲ್ಲರ ಹೆಸರು, ಹುಟ್ಟಿದ ವರ್ಷ. ಮಗಳ ಹೆಸರಿನಿಂದಲೇ ಶುರು ಮಾಡಿದೆ. ಎರಡಕ್ಷರ ಒತ್ತಿದ್ದೆ, ಬೆರಳು ನಿಂತಿತು. ಈ ಪ್ರಶ್ನೆಗಳು ಮೊದಲೂ ನನ್ನ ಕಿವಿಗೆ ಬಿದ್ದಿದ್ದವು. ಇದೇ ಸಾಲಿನಲ್ಲಿ, ಇಂಥದೇ ಮಧ್ಯಾಹ್ನ, ತಿಳವಳ್ಳಿಯ ಅತ್ತೆಯ ಮನೆಯ ಅಂಗಳದಲ್ಲಿ.

ಆ ಮನೆಗೆ ಮೂರು ನಾಲ್ಕು ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಎತ್ತು ಹೊಡೆದುಕೊಂಡು ಒಬ್ಬ ಮುದುಕ ಹೆಳವ ಬರುತ್ತಿದ್ದ. ಮನೆತನದ ವಂಶಾವಳಿ ಹೇಳುವವರು ಅವರು. ಕಟ್ಟೆಯ ಮೇಲೆ ಕೂತು ಕಣ್ಣು ಮುಚ್ಚಿ ಏಳು ತಲೆಮಾರಿನ ಹಿಂದಿನಿಂದ ಹೆಸರು ಹೇಳುತ್ತ ಇಳಿದು ಬರುತ್ತಿದ್ದ. ತಾನು ಬಲ್ಲದ್ದನ್ನೆಲ್ಲ ಓಣಿಯ ಜನರ ಎದುರಿಗೆ ಹೇಳಿ ಮುಗಿಸಿದ ಮೇಲೆಯೇ ಹೊಸದನ್ನು ಕೇಳುವುದು: ಯಾರು ಹುಟ್ಟಿದರು, ಯಾರು ಹೋದರು, ಯಾರು ಸೊಸೆಯಾಗಿ ಬಂದರು. ಕಾಳು, ಸೀರೆ ಏನು ಕೊಟ್ಟರೂ ಕೊನೆಯಲ್ಲಿ. ನಾನು ಹೊಸ ಸೊಸೆ, ಬಾಗಿಲ ಮರೆಯಲ್ಲಿ ನಿಂತಿದ್ದೆ. "ಸವಣೂರಿಂದ ಬಂದಾಕಿ ಅಲ್ಲೇನವಾ ನೀನು? ಮೊದಲಿನ ಹೆಸರೇನು?" ಅಂದ. ಸುನಂದಾ ಅಂದೆ. ಆ ಮನೆಯಲ್ಲಿ ಅದನ್ನು ಕೇಳಿದವನು ಅವನೊಬ್ಬನೇ.

ಒಂದು ವರ್ಷ ಅವನ ಬದಲು ಬೇರೊಬ್ಬ ಬಂದ. ಅದೇ ಥರ ಎತ್ತು, ಗಂಟೆ, ರುಮಾಲು. ಕಾಕಾಗ ಆರಾಮ ಇಲ್ಲ, ನಾನು ಅಣ್ಣನ ಮಗ, ಅಂದ. ಮೂರು ತಲೆಮಾರು ಸರಿಯಾಗಿ ಹೇಳಿದ. ಆಮೇಲೆ ಕೇಳಲಿಕ್ಕೆ ಶುರು ಮಾಡಿದ. ಮನೆಯಲ್ಲಿ ಎಷ್ಟು ಮಂದಿ, ಮಧ್ಯಾಹ್ನ ಯಾರಿರತಾರ, ಹೆಸರೇನು, ವಯಸ್ಸೆಷ್ಟು. ಅತ್ತೆ ಜೋಳ ಕೇರುತ್ತಿದ್ದವರು ತಲೆ ಎತ್ತದೆ, "ನನಗ ಇಬ್ಬರು ಗಂಡಸಮಕ್ಕಳು. ದೊಡ್ಡಾವ ಇಕಿ ಗಂಡ. ಸಣ್ಣಾವ ಫಕ್ಕೀರಪ್ಪ," ಅಂದರು.

ನನ್ನ ಗಂಡ ಅವರಿಗೆ ಒಬ್ಬನೇ ಮಗ. ನಾನು ಬಾಗಿಲು ಗಟ್ಟಿಯಾಗಿ ಹಿಡಿದೆ.

ಅವನು ಕಣ್ಣು ಮುಚ್ಚಿ, "ಹೌದ್ರಿ ಯವ್ವಾ, ಫಕ್ಕೀರಪ್ಪ. ಕಾಕಾನ ಹೊತ್ತಿಗಿಯೊಳಗ ಐತಿ. ಅಮಾಸಿ ದಿನ ಹುಟ್ಯಾನ, ಎಡಗಾಲಿನ ಮ್ಯಾಲೆ ಮಚ್ಚಿ ಐತಿ," ಅಂದ.

"ಗಿರಿಜಾ, ಒಳಗಿಂದ ಒನಕಿ ತೊಗೊಂಬಾ," ಅಂದರು ಅತ್ತೆ, ನೀರು ತೊಗೊಂಬಾ ಅಂದಷ್ಟೇ ಸಮಾಧಾನದಿಂದ. ನಾನು ತರುವಷ್ಟರಲ್ಲಿ ಗಂಟೆಯ ಸದ್ದು ಓಣಿಯ ತಿರುವಿನಲ್ಲಿತ್ತು. "ಖರೇ ಹೆಳವ ಆಗಿದ್ರ ನನ್ನ ಜೋಡಿ ಜಗಳಾ ತಗೀತಿದ್ದ. ಇಂವಾ ಏನ್ ಕೊಟ್ರೂ ಹೌದಂದ," ಅಂತ ಅತ್ತೆ ಮತ್ತೆ ಮೊರ ಎತ್ತಿಕೊಂಡರು.

ಮುಂದಿನ ಸಲ ಮುದುಕನೇ ಬಂದ. ಅತ್ತೆ ನಗುತ್ತ ನಡೆದದ್ದು ಹೇಳಿದರು. ಅವನು ನಗಲಿಲ್ಲ.

"ತಪ್ಪ ಮಾಡಿದ್ರಿ ಯವ್ವಾ. ಇಲ್ಲದ ಹೆಸರು ಅಂಗಳದಾಗ ಹೇಳಬಾರದಿತ್ತು. ಹೇಳಿದ ಮ್ಯಾಲೆ ಅದು ಎಲ್ಲಿಗೆ ಹೋಗಬೇಕು?"

ಆಮೇಲೆ ವಂಶಾವಳಿ ಹೇಳುತ್ತ ನನ್ನ ಗಂಡನ ಹೆಸರಿಗೆ ಬಂದ. ಅಲ್ಲಿ ತಡೆದ. ಒಂದು ಹೆಸರು ಹಿಡಿಯುವಷ್ಟು ಹೊತ್ತು ಸುಮ್ಮನಿದ್ದು, ನನ್ನ ಹೆಸರಿಗೆ ದಾಟಿದ. ಅತ್ತೆಯ ನಗು ಅಲ್ಲೇ ನಿಂತಿತು. ಮುಪ್ಪಿನಲ್ಲಿ ಅವರು ಒಮ್ಮೊಮ್ಮೆ ಒಬ್ಬರ ಪಾಲಿನ ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದರು. ಯಾರಿಗೆ ಅಂತ ಕೇಳಿದರೆ, "ಇರ್ಲಿ ಬಿಡು," ಅನ್ನುತ್ತಿದ್ದರು.

ಮಗಳ ಎರಡಕ್ಷರ ಅಳಿಸಿದೆ. ಅಲ್ಲಿ ಬರೆದೆ: ಫಕ್ಕೀರಪ್ಪ. ಹುಟ್ಟಿದ ವರ್ಷ ಗೊತ್ತಿಲ್ಲ, ಆದರೆ ಖಾಲಿ ಬಿಡುವುದು ಹೇಗೆ? ಮನೆಯವರಿಗಿಂತ ಎರಡು ವರ್ಷ ಸಣ್ಣವನೆಂದು ಲೆಕ್ಕ ಹಾಕಿ ಬರೆದು ಒತ್ತಿದೆ. ಪರದೆಯ ಮೇಲೆ ಚಕ್ರ ತಿರುಗಿತು. ಆಮೇಲೆ ಅಕ್ಷರ ಮೂಡಿತು: "ಫಕ್ಕೀರಪ್ಪ ಅವರ ವಿವರ ನಮ್ಮ ದಾಖಲೆಯೊಂದಿಗೆ ಹೊಂದಿಕೆಯಾಗಿದೆ. ಧನ್ಯವಾದ." ಅದರ ಕೆಳಗೆ ಬ್ಯಾಂಕ್ ಪಾಸ್‌ಬುಕ್ಕಿನ ಫೋಟೋ ಕೇಳಿತ್ತು.

ಫೋನು ಬೋರಲು ಹಾಕಿದೆ. ಅತ್ತೆ ಇದ್ದಿದ್ದರೆ ಒನಕೆ ಕೇಳುತ್ತಿದ್ದರು.

ಸುನಂದಾ ಎಲ್ಲಿಂದ ಬಂದಳೆಂಬುದು ಸಂಜೆ ಹೊಳೆಯಿತು. ಮದುವೆಗೆ ಮೊದಲು ಸವಣೂರಿನಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗುವಾಗ ಈ ಇ-ಮೇಲು ವಿಳಾಸ ಮಾಡಿಕೊಂಡಿದ್ದೆ. ಅದರ ಹಣೆಯ ಮೇಲೇ ಆ ಹೆಸರಿದೆ. ಇಷ್ಟೇನಾ ಅನಿಸಿತು. ಸಮಾಧಾನವಾಗಬೇಕಿತ್ತು, ಸ್ವಲ್ಪ ಬೇಸರವೇ ಆಯಿತು. ಭಾಭಿಗೆ ಎಲ್ಲ ಹೇಳಿದರೆ ಅವಳು ಬಿದ್ದು ಬಿದ್ದು ನಕ್ಕಳು. "ಪಾಪ, ಫಕ್ಕೀರಪ್ಪನವರ ಐನೂರು ರೂಪಾಯಿ ಹೋದವಲ್ರಿ ಅಕ್ಕಾರ."

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಆಮೇಲೆ ಬಂದ ಮೇಲುಗಳಲ್ಲಿ ಸುನಂದಾ ಇಲ್ಲ. "ಪ್ರೀತಿಯ ಫಕ್ಕೀರಪ್ಪ, ನಿಮಗಾಗಿ ಕಾಯುತ್ತಿದ್ದೇವೆ." "ಫಕ್ಕೀರಪ್ಪ, ಮನೆಯಲ್ಲಿ ಎಲ್ಲರೂ ಕ್ಷೇಮವೇ?" ದಿನಕ್ಕೊಂದು, ಎರಡೂವರೆಗೆ. ಅಳಿಸುತ್ತೇನೆ. ಅಳಿಸುವ ಮೊದಲು ಓದುತ್ತೇನೆ, ಸುಳ್ಳೇಕೆ ಹೇಳಲಿ.

ನಿನ್ನೆ ಅದೇ ಹೊತ್ತಿಗೆ ಫೋನೇ ಬಂತು. ಮೆತ್ತನೆಯ ಹೆಣ್ಣುದನಿ. "ಫಕ್ಕೀರಪ್ಪ ಅವರು ಇದ್ದಾರಾ ಮೇಡಂ?"

ರಾಂಗ್ ನಂಬರ್ ಅನ್ನಬಹುದಿತ್ತು. ಅಂಥವರು ಯಾರೂ ಇಲ್ಲ ಅನ್ನಬಹುದಿತ್ತು. ಏನೂ ಅನ್ನದೆ ಇಟ್ಟುಬಿಡಬಹುದಿತ್ತು, ಬುದ್ಧಿ ಇದ್ದವರು ಹಾಗೇ ಮಾಡುತ್ತಾರೆ. ಆದರೆ ಆಕೆ ಕೇಳಿ ಸುಮ್ಮನಾದಳು. ಆ ಸುಮ್ಮನಿರುವಿಕೆ ಒಂದು ಹೆಸರು ಹಿಡಿಯುವಷ್ಟೇ ಉದ್ದವಿತ್ತು.

"ಹೊರಗ ಹೋಗ್ಯಾರ್ರಿ," ಅಂದೆ.

"ಯಾವಾಗ ಬರ್ತಾರೆ?"

ಬಾಗಿಲ ಕಡೆ ತಿರುಗಿದೆ. ಅಗಳಿ ಹಾಕಿರಲಿಲ್ಲ. ಹೊಸ್ತಿಲ ತನಕ ಬಂದ ಬಿಸಿಲು ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿತ್ತು.

"ಬರೋ ಹೊತ್ತಾತ್ರಿ," ಅಂದುಬಿಟ್ಟೆ.

ಸಂಜೆ ರೊಟ್ಟಿ ಬಡಿದು ಬುಟ್ಟಿಯಲ್ಲಿ ಒಂದರ ಮೇಲೊಂದು ಇಟ್ಟೆ. ಊಟಕ್ಕೆ ಕೂತ ಮನೆಯವರು ಅತ್ತ ನೋಡಿ, "ಇಷ್ಟ್ಯಾಕ ಮಾಡಿದಿ? ಯಾರರ ಬರಾವ್ರು ಇದ್ದಾರೇನು?" ಅಂದರು.

"ಇರ್ಲಿ ಬಿಡ್ರಿ," ಅಂದೆ.