ಮೊಳಕೈವರೆಗೆ, ಮೂರು ನಿಮಿಷ

ಮಳವಳ್ಳಿಯ ನಮ್ಮ ಬೀದಿಯಲ್ಲಿದ್ದ ರಹಮತ್ ಬೀಗೆ ಹೇಸಿಗೆ ಹೆಚ್ಚು. ಲೋಟವನ್ನು ಸೆರಗಿನಲ್ಲಿ ಒರೆಸಿ ನೀರು ಕೊಟ್ಟರೆ ಕುಡಿಯುತ್ತಿರಲಿಲ್ಲ. ಹೆರಿಗೆಯ ಕೋಣೆಯಲ್ಲಿ ಕುಡುಗೋಲು ಕಂಡರೆ ಅಂಗಳಕ್ಕೆ ಎಸೆಯುತ್ತಿದ್ದಳು. ಗಾಡಿಯ ಚಕ್ರಕ್ಕೆ ಪಟ್ಟಿ ಕಟ್ಟುವ ಗಫಾರನ ಹೆಂಡತಿ ಅವಳು. ಇಪ್ಪತ್ತೊಂದು ವರ್ಷ ಹಿಂದೂ, ಮುಸಲ್ಮಾನ ಎರಡೂ ಜನರ ಮನೆಗಳಲ್ಲಿ ಹೆರಿಗೆ ಮಾಡಿಸಿದ್ದಳು. ನನ್ನ ಮೂರು ಮಕ್ಕಳೂ ಅವಳ ಕೈಮೇಲೆಯೇ ಬಂದವು.

ನಲವತ್ತನೆಯ ಇಸವಿಯಲ್ಲಿ, ದೀಪಾವಳಿ ಕಳೆದ ಮೇಲೆ, ತಮಟೆ ಹೊಡೆದು ಸಾರಿದರು. ಸೂಲಗಿತ್ತಿಯರೆಲ್ಲ ಮಂಡ್ಯಕ್ಕೆ ಹೋಗಿ ಪರೀಕ್ಷೆ ಕೊಟ್ಟು ಕಾಗದ ತರಬೇಕು, ಕಾಗದವಿಲ್ಲದವರು ಯುಗಾದಿಯಿಂದಾಚೆಗೆ ಊರೊಳಗೆ ಹೆರಿಗೆ ಮಾಡಿಸಕೂಡದು. ಮಾಡಿಸಿದರೆ ಅವರಿಗೂ ಕರೆಸಿದವರಿಗೂ ಶಿಕ್ಷೆ.

ಪಾಠ ಹೇಳಲು ಕಾಂಪೌಂಡರ್ ಅಂಕಯ್ಯ ಮುಂದೆ ಬಂದ. ನಲವತ್ತು ಪ್ರಶ್ನೆ, ನಲವತ್ತು ಉತ್ತರ ಬರೆದ ಒಂದು ಪುಸ್ತಕ ಅವನ ಹತ್ತಿರವಿತ್ತು. ಅದನ್ನು ಬಾಯಿಪಾಠ ಮಾಡಿದರೆ ಸಾಕು ಎಂದು ಎಂಟು ಜನ ಹೆಂಗಸರನ್ನು ತನ್ನ ಜಗಲಿಯ ಮೇಲೆ ಕೂರಿಸಿಕೊಂಡ. ರಹಮತ್ ಬೀ ಎರಡನೆಯ ದಿನವೇ ಎದ್ದು ನಮ್ಮ ಮನೆಗೆ ಬಂದಳು. ಜ್ವರ ನೋಡುವ ಕಡ್ಡಿಯನ್ನು ಒಬ್ಬಳ ಬಾಯಿಂದ ತೆಗೆದು, ನಶ್ಯ ಮೆತ್ತಿದ ಪಂಚೆಯಲ್ಲಿ ಒರೆಸಿ ಇವಳ ಬಾಯಿಗಿಡಲು ಬಂದನಂತೆ.

"ಥೂ, ಅವನ ಪಾಠವೂ ಬ್ಯಾಡ, ಅವನೂ ಬ್ಯಾಡ. ಪುಸ್ತಕ ಇಸ್ಕಂಡು ಬಂದಿವ್ನಿ ಅಕ್ಕಾ. ನೀವು ಓದಿ, ನಾ ಕೇಳ್ತೀನಿ."

ಅವಳಿಗೆ ಓದಲು ಬರದು. ನಾನು ಅಕ್ಷರ ಕಲಿತದ್ದು ಮನೆಯಲ್ಲೇ, ಪುರಾಣದ ಪುಸ್ತಕ ಹಿಡಿದು. ಪೂಜೆ ಮುಗಿಸಿ ಹಿತ್ತಿಲ ಕಟ್ಟೆಯ ಮೇಲೆ ಕೂತು ಓದುತ್ತಿದ್ದೆ, ಅವಳು ಅವರೆಕಾಯಿ ಬಿಡಿಸುತ್ತ ಕೇಳುತ್ತಿದ್ದಳು. ಬರೀ ಅಂಕಿಗಳು ಅವಳ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಅದಕ್ಕೆ ಒಂದೊಂದು ಪ್ರಶ್ನೆಗೂ ಒಬ್ಬೊಬ್ಬ ಬಾಣಂತಿಯ ಹೆಸರಿಟ್ಟಳು. ಕೂಸಿನ ಕೊರಳಿಗೆ ಬಳ್ಳಿ ಸುತ್ತಿದ್ದರೆ ಏನು ಮಾಡಬೇಕೆಂಬುದು ಹೊಂಬಾಳಮ್ಮನ ಪ್ರಶ್ನೆ. ಮಾಸು ಎಷ್ಟು ಹೊತ್ತಿನಲ್ಲಿ ಬೀಳಬೇಕು, ಬೀಳದಿದ್ದರೆ ಏಕೆ ಎಳೆಯಬಾರದು ಎಂಬುದು ಮಾಯಮ್ಮನ ಪ್ರಶ್ನೆ. ನಾಡಿ ನಿಮಿಷಕ್ಕೆ ಎಪ್ಪತ್ತೆರಡು, ಬಸಿರು ಇನ್ನೂರ ಎಂಬತ್ತು ದಿನ, ನೆತ್ತಿ ಕೂಡುವುದು ಒಂದೂವರೆ ವರ್ಷಕ್ಕೆ, ಎಲ್ಲಕ್ಕೂ ಒಂದೊಂದು ಮನೆ, ಒಂದೊಂದು ಮುಖ.

ಹದಿನೇಳನೆಯ ಪ್ರಶ್ನೆಗೆ ಮಾತ್ರ ಹೆಸರು ಹೇಳಲಿಲ್ಲ. ಹುಟ್ಟಿದ ಎಂಟು ದಿನದೊಳಗೆ ಕೂಸಿನ ದವಡೆ ಬಿಗಿದು ಮೈ ಸೆಟೆಯುವುದು ಯಾವುದರಿಂದ? ಉತ್ತರ, ಹೊಕ್ಕುಳಬಳ್ಳಿಗೆ ತಗುಲಿದ ಕೊಳೆಯಿಂದ. ಅದನ್ನು ಇನ್ನೊಮ್ಮೆ ಓದಿಸಿದಳು. ಅವಳ ಮೊದಲ ಕೂಸು ಎಂಟನೆಯ ದಿನ ಹೋಗಿತ್ತೆಂದು ನನಗೆ ಗೊತ್ತಿತ್ತು. ಆಗ ಬಳ್ಳಿ ಕುಯ್ದದ್ದು ಹುಲ್ಲು ಕುಯ್ಯುವ ಕುಡುಗೋಲಿನಿಂದ, ಮೇಲೆ ಹಚ್ಚಿದ್ದು ಸಗಣಿ ಬೂದಿ. ಗ್ರಹ ಬಡಿಯಿತು ಎಂದು ಎಲ್ಲರೂ ಹೇಳಿದ್ದರಂತೆ. ಬಹಳ ಹೊತ್ತು ಕಾಯಿ ಬಿಡಿಸಿ ಆಮೇಲೆ, "ಮುಂದಿಂದು ಓದಿ" ಅಂದಳು.

ಮಾಘದಲ್ಲಿ ಮಂಡ್ಯದ ಒಂದು ಶಾಲೆಯಲ್ಲಿ ಪರೀಕ್ಷೆ. ಜೊತೆಗೆ ನಾನೂ ಹೋದೆ, ಬಾಗಿಲ ಬಳಿ ನಿಲ್ಲಲು ಬಿಟ್ಟರು. ಹೊರಗಿನಿಂದ ಬಂದ ಒಬ್ಬ ಡಾಕ್ಟರು ಕುರ್ಚಿಯಲ್ಲಿದ್ದರು. ಮೇಜಿನ ಮೇಲೆ ಚರ್ಮದ ಒಂದು ಬೊಂಬೆ, ಬಸುರಿಯ ಸೊಂಟದಿಂದ ತೊಡೆಯವರೆಗಿನದು. ಎಷ್ಟೋ ಊರಿನ ಎಷ್ಟೋ ಕೈಗಳ ಜಿಡ್ಡು ಮೆತ್ತಿ ಹೊಟ್ಟೆ ಕರ್ರಗಾಗಿತ್ತು. ಕೊಪ್ಪದ ಮಂಚಮ್ಮ ಮೊದಲು ಹೋದಳು. ಬಾಯಲ್ಲಿದ್ದ ಎಲೆಯಡಿಕೆಯನ್ನು ಬೆರಳಲ್ಲಿ ಒಂದು ದವಡೆಗೆ ಸರಿಸಿ, ಕೈಯನ್ನು ಮೊಳಕೈವರೆಗೆ ಸಾಬೂನು ಹಾಕಿ ಮೂರು ನಿಮಿಷ ತೊಳೆಯಬೇಕು ಎಂದು ಗಟ್ಟಿಯಾಗಿ ಒಪ್ಪಿಸಿ, ಅದೇ ಬೆರಳನ್ನು ಬೊಂಬೆಯೊಳಗಿಟ್ಟಳು. ಡಾಕ್ಟರು ಭೇಷ್ ಎಂದರು.

ರಹಮತ್ ಬೀ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು, ಒಂದೂ ತಪ್ಪಲಿಲ್ಲ. ಕೊನೆಗೆ ಡಾಕ್ಟರು ಬೊಂಬೆ ತೋರಿಸಿ, ಪರೀಕ್ಷೆ ಮಾಡುವ ರೀತಿ ತೋರಿಸು ಎಂದರು. ಅವಳು ಸುತ್ತ ನೋಡಿದಳು.

"ನೀರೆಲ್ಲೈತೆ ಸ್ವಾಮಿ?"

"ನೀರು ಯಾಕೆ? ತೊಳೆದಾಯಿತು ಅಂದುಕೊ."

"ಅಂದ್ಕಂಡ್ರೆ ತೊಳ್ದಂಗಾಯ್ತದಾ?"

ಗೋಡೆಯ ಪಕ್ಕ ಕೂತಿದ್ದ ಹೆಂಗಸರು ಕಿಸಕ್ಕೆಂದರು. "ಸಾಬರಮ್ಮನಿಗೆ ಬೊಂಬೆ ಮೈಲಿಗೆ ಆಯ್ತದಂತೆ ಕಣ್ರಮ್ಮೀ" ಎಂದಳೊಬ್ಬಳು. ಡಾಕ್ಟರೂ ನಕ್ಕು, ಇದು ಬರೀ ಬೊಂಬೆ, ಇದಕ್ಕೇನೂ ಆಗುವುದಿಲ್ಲ ಎಂದರು.

"ಬೊಂಬೆಗೆ ಏನೂ ಆಗಲ್ಲ ಸ್ವಾಮಿ. ತೊಳೀದೆ ಮುಟ್ಟೋದು ನನ್ ಕೈಗೆ ಅಭ್ಯಾಸ ಆಯ್ತದೆ."

ಡಾಕ್ಟರ ನಗು ನಿಂತಿತು. ಪಟ್ಟಿಯಲ್ಲಿ ಏನೋ ಗೀಚಿ ಮುಂದಿನವಳನ್ನು ಕರೆದರು. ಹದಿನಾರು ಜನರಲ್ಲಿ ಹದಿನೈದು ಜನಕ್ಕೆ ಕಾಗದ ಸಿಕ್ಕಿತು.

ಯುಗಾದಿಯಾದ ಮೇಲೆ ಅವಳನ್ನು ಯಾರೂ ಕರೆಯಲಿಲ್ಲ. ಆ ಶ್ರಾವಣದಲ್ಲಿ ಪಕ್ಕದ ಮನೆಯ ಶಿವನಂಜಮ್ಮನ ಸೊಸೆಗೆ ನೋವು ಬಂತು. ಶಿವನಂಜಮ್ಮ ರಹಮತ್ ಬೀಯನ್ನೇ ಕರೆಯಬೇಕೆಂದಳು. ಅವಳ ಗಂಡ ಲಿಂಗಯ್ಯ ಒಪ್ಪಲಿಲ್ಲ, ಕಚೇರಿ ಪೊಲೀಸು ಎಂದು ಅಲೆಯುವವರು ಯಾರು ಎಂದು ಗದರಿ ಕೊಪ್ಪಕ್ಕೆ ಗಾಡಿ ಕಳಿಸಿದ. ಮಂಚಮ್ಮ ಬಂದಳು, ಕಾಗದ ತೋರಿಸಿದಳು, ಗಂಡು ಕೂಸು ಹುಟ್ಟಿತು. ಅವಳೇನು ಕೆಟ್ಟವಳಲ್ಲ, ಕೂಸನ್ನು ಎತ್ತಿ ಮುದ್ದಾಡಿ ಹೋದಳು. ನಾಲ್ಕನೆಯ ದಿನ ಬಾಣಂತಿಗೆ ಚಳಿಜ್ವರ ಬಂತು. ಕೋಣೆಯಿಂದ ಬರುತ್ತಿದ್ದ ನಾತಕ್ಕೆ ನಾವು ಮೂಗು ಮುಚ್ಚಿಕೊಂಡು ಗಂಜಿ ಕೊಟ್ಟು ಬರುತ್ತಿದ್ದೆವು. ಒಂಬತ್ತನೆಯ ದಿನ ತೀರಿಹೋದಳು. ಇಪ್ಪತ್ತು ವರ್ಷದ ಹುಡುಗಿ. ರಹಮತ್ ಬೀ ಅಷ್ಟೂ ದಿನ ಅವರ ಹಿತ್ತಿಲ ಗೋಡೆಯಾಚೆ ನಿಂತು, ಏನಾಯ್ತು ಎಂದು ನನ್ನನ್ನು ಕೇಳುತ್ತಿದ್ದಳು.

ತಿಥಿ ಮುಗಿದ ಮೇಲೆ ಅವಳು ಬಂದು ಪುಸ್ತಕ ತೆಗೆಯಿರಿ ಅಂದಳು. ಮತ್ತೆ ನಲವತ್ತು ಪ್ರಶ್ನೆ. ಈ ಸಲ ಅವರೆಕಾಯಿ ಇರಲಿಲ್ಲ, ಕೈ ಕಟ್ಟಿಕೊಂಡು ಕೂತಿರುತ್ತಿದ್ದಳು. ಜ್ವರದ ಪ್ರಶ್ನೆಗೆ ಆ ಹುಡುಗಿಯ ಹೆಸರಿಟ್ಟಳು.

ನಲವತ್ತೆರಡರ ಪರೀಕ್ಷೆಗೆ ಕಾದಾರಿದ ನೀರನ್ನು ಮುಚ್ಚಳದ ತಂಬಿಗೆಯಲ್ಲಿ ತಂದಿದ್ದಳು, ಜೊತೆಗೆ ಒಂದು ತುಂಡು ಸಾಬೂನು. ಅದೇ ಡಾಕ್ಟರು, ಅದೇ ಬೊಂಬೆ, ಇನ್ನಷ್ಟು ಕಪ್ಪಾಗಿತ್ತು. ತಂಬಿಗೆ ಕಂಡವರೇ, ನೆಲ ಕೆಸರಾಗುತ್ತದೆ, ಹೊರಗಿಡು ಎಂದರು. ಅವಳು ಹೊರಗೆ ಬಂದು ತಂಬಿಗೆಯನ್ನು ನನ್ನ ಕೈಗೆ ಕೊಟ್ಟಳು. ನನ್ನ ಮುಖ ನೋಡಲಿಲ್ಲ.

"ಕೈ ತೊಳೆದಾಯಿತೇನಮ್ಮ?" ಎಂದರು ಡಾಕ್ಟರು.

"ತೊಳ್ದಾಯ್ತು ಸ್ವಾಮಿ" ಎಂದಳು.

ಆಮೇಲೆ ಬೊಂಬೆಯನ್ನು ಮುಟ್ಟಿದಳು. ಅವಳ ಕತ್ತಿನ ನರ ಉಬ್ಬಿದ್ದು ನನಗೆ ಬಾಗಿಲಿನಿಂದಲೇ ಕಾಣುತ್ತಿತ್ತು. ಡಾಕ್ಟರು ಈ ಸಲ ಬುದ್ಧಿ ಬಂದಿದೆ ಎಂದು ಸಹಿ ಹಾಕಿದರು. ದೇವರು ಮೆಚ್ಚದ ಮಾತು ಎಂದು ಗೊತ್ತು, ಆದರೂ ಬರೆಯುತ್ತೇನೆ, ಆ ಸಹಿ ಹಾಕಿದ ಕೈಯನ್ನು ನೆನೆದರೆ ನನಗೆ ಇಂದಿಗೂ ಅಸಹ್ಯ.

ಶಾಲೆಯ ಹಿಂದೆ ನಾನು ನೀರು ಬಿಟ್ಟೆ, ಅವಳು ಸಾಬೂನು ಸವೆದು ಹೋಗುವವರೆಗೆ ಉಜ್ಜಿಕೊಂಡಳು. ಊರಿಗೆ ಬಂದು ನಮ್ಮ ಬಾಗಿಲಲ್ಲಿ ನಿಂತು ಕಾಗದವನ್ನು ನನ್ನ ಮುಂದೆ ಹಿಡಿದಳು.

"ಇಷ್ಟು ವರ್ಸದಲ್ಲಿ ಇವತ್ತೇ ಅಕ್ಕಾ, ನಾ ಕೊಳಕು ಕೈಲಿ ಮುಟ್ಟಿದ್ದು. ಅದಕ್ಕೇ ಕೊಟ್ಟವ್ರೆ ಇದನ್ನ. ನಿಮ್ಮನೇಲೇ ಇರ್ಲಿ, ನನ್ ಮನೇಲಿ ಬ್ಯಾಡ."

ಮರುದಿನದಿಂದಲೇ ಜನ ಕರೆಯತೊಡಗಿದರು. ಲಿಂಗಯ್ಯನೂ ಒಮ್ಮೆ ಮಗಳಿಗಾಗಿ ಬಂದ, ಅವಳು ಹೋದಳು. ಕಾಗದ ನನ್ನ ಪೆಟ್ಟಿಗೆಯಲ್ಲಿದೆ. ಐದು ವರ್ಷವಾಯಿತು, ತೋರಿಸು ಎಂದು ಈವರೆಗೆ ಯಾರೂ ಬಂದಿಲ್ಲ.