ಇಪ್ಪತ್ತೆಂಟು ಓರೆ ಮೆಟ್ಟಿಲು

ಮೆಟ್ಟಿಲು ಮಾಡುವ ಆ ಬಡಗಿಯನ್ನು ಎಲ್ಲರೂ ಅಂದಾಜಣ್ಣ ಎಂದೇ ಕರೆಯುತ್ತಿದ್ದರು. ಸೊಂಟದ ಅಳತೆಪಟ್ಟಿ ಬರೀ ಶೋಕಿಗೆ. ಇಳಿಜಾರು ತೊಲೆಯನ್ನು ಗೋಡೆಗೆ ಆನಿಸಿ, ಒಂದೊಂದೇ ಹಲಗೆ ಹಿಡಿದು, ಕಣ್ಣಳತೆಯಲ್ಲೇ ಗೀಟು ಹಾಕಿ ಕೊಯ್ಯುತ್ತಿದ್ದ. ನಾಲ್ಕು ದಿನ ಹಿಡಿದರೂ, ಸುಳ್ಳೇಕೆ ಹೇಳಲಿ, ಮೂವತ್ತು ವರ್ಷದಲ್ಲಿ ಅವನ ಮೆಟ್ಟಿಲು ಒಂದೂ ಕಿರುಗುಟ್ಟಿದ್ದಿಲ್ಲ.

ಅವನು ಕೆಲಸ ಮಾಡುತ್ತಿದ್ದ ಮರದ ಕಾರ್ಖಾನೆಗೇ ಹೆಂಡತಿಯ ತಮ್ಮ ಬಂದು ಸೇರಿದ. ಅಲ್ಲಿಂದಾಚೆ ಅಂದಾಜಣ್ಣನಿಗೆ ಉಂಡಿದ್ದು ಮೈಗೆ ಹತ್ತಲಿಲ್ಲ. ಭಾಮೈದ ತೊಲೆಯನ್ನು ನೆಲದ ಮೇಲೆ ಮಲಗಿಸಿ, ಎರಡು ಪಟ್ಟಿಗಳನ್ನು ತಿರುಪಿನಿಂದ ಬಿಗಿದ ಕೋನಮಟ್ಟವನ್ನು ಒಮ್ಮೆ ಹೊಂದಿಸಿಕೊಂಡು, ಹದಿನಾಲ್ಕು ಮೆಟ್ಟಿಲಿನ ಗೀಟನ್ನೂ ಅರ್ಧ ಗಂಟೆಯಲ್ಲಿ ಎಳೆದುಬಿಟ್ಟ.

“ಮೆಟ್ಟಿಲೆಲ್ಲ ಒಂದಕ್ಕೊಂದು ಸಮಾನಾಂತರ ಅಲ್ವಾ ಭಾವ? ತೊಲೆ ಎಲ್ಲವನ್ನೂ ಒಂದೇ ಕೋನದಲ್ಲಿ ದಾಟುತ್ತೆ. ಒಂದು ಸಿಕ್ಕಿದ್ರೆ ಎಲ್ಲ ಸಿಕ್ಕ ಹಾಗೆ.”

ಯಜಮಾನರು ಬಾಯಿ ತುಂಬ ಹೊಗಳಿದರು. ಮನೆಗೆ ಹೋದರೆ ಹೆಂಡತಿಯದೂ ಅದೇ ರಾಗ: “ನನ್ನ ತಮ್ಮನ ತಲೆ ನೋಡಿ.” ಆ ತಲೆಯ ಮಾತು ಕೇಳಿ ಕೇಳಿ ಇವನ ತಲೆ ಕೆಟ್ಟುಹೋಯಿತು.

ಅಷ್ಟರಲ್ಲಿ ಹೊಸ ಗ್ರಂಥಾಲಯದ ಕೆಲಸ ಬಂತು. ಭಾಮೈದ ಮಾಡಿದ್ದ ಮೆಟ್ಟಿಲಿನ ಇಳಿಜಾರೇ ಬೇಕು, ಎತ್ತರ ಮಾತ್ರ ಎರಡರಷ್ಟು. ತನಗೇ ಕೊಡಬೇಕೆಂದು ಅಂದಾಜಣ್ಣ ಪಟ್ಟು ಹಿಡಿದ.

“ಸಂಜೆಯೊಳಗೆ ಆಗ್ಬೇಕು. ಕೆಡಿಸಿದ್ರೆ ನಾಳೆಯಿಂದ ನೀನು ಹೊಳಪು ಉಜ್ಜೋ ಕೆಲಸಕ್ಕೆ” ಎಂದರು ಯಜಮಾನರು.

ಒಂದೇ ದಿನದಲ್ಲಿ ಕಣ್ಣಳತೆಯ ಆಟ ನಡೆಯುವುದಿಲ್ಲ. ಭಾಮೈದ ಊಟಕ್ಕೆ ಹೋದಾಗ, ಹಿಂದಿನ ಮೆಟ್ಟಿಲಿಗೆ ಹೊಂದಿಸಿದಂತೆಯೇ ಇದ್ದ ಅವನ ಕೋನಮಟ್ಟವನ್ನು ಅಂದಾಜಣ್ಣ ಎತ್ತಿಕೊಂಡ. ಕೇಳಿದ್ದರೆ ಅವನೇ ಹೇಳಿಕೊಡುತ್ತಿದ್ದ. ಕೇಳಲು ಬಾಯಿ ಬರಬೇಕಲ್ಲ. ಮೆಟ್ಟಿಲು ದೊಡ್ಡದಾದರೆ ಕೋನವೂ ಒಂಚೂರು ದೊಡ್ಡದಾಗಬೇಕು ಎಂದು ತಾನೇ ತರ್ಕ ಹೂಡಿ, ತಿರುಪು ಸಡಿಲಿಸಿ, ಪಟ್ಟಿ ಅಗಲಿಸಿ, ಗೀಟೆಳೆದು ಕೊಯ್ದ.

ತೊಲೆ ನಿಲ್ಲಿಸಿ ಹಲಗೆ ಕೂರಿಸಿದರೆ, ಇಪ್ಪತ್ತೆಂಟು ಮೆಟ್ಟಿಲೂ ಒಂದೇ ಸಮ ಮುಂದಕ್ಕೆ ಓರೆ. ಭಾಮೈದನಿಗೆ ನೋಡಿದ ಕೂಡಲೇ ಅರ್ಥವಾಯಿತು.

“ಗೋಡೆ, ನೆಲ, ತೊಲೆ ಸೇರಿದ್ರೆ ಒಂದು ತ್ರಿಭುಜ, ಭಾವ. ಎತ್ತರ ಎರಡರಷ್ಟಾದ್ರೆ ಉದ್ದಾನೂ ಎರಡರಷ್ಟಾಗುತ್ತೆ. ತ್ರಿಭುಜ ಬೆಳೆಯುತ್ತೆ, ಕೋನ ಬೆಳೆಯಲ್ಲ” ಎಂದ ಮೆಲ್ಲಗೆ.

ಯಜಮಾನರು ಬಂದು ಕೆಂಡವಾದಾಗ ಅವನೇ ಮುಂದೆ ಬಂದ. “ತಿರುಪು ಬಿಗಿ ಮಾಡದೆ ಇಟ್ಟಿದ್ದೆ. ತಪ್ಪು ನಂದು.”

“ಒಪ್ಪಿಕೊಳ್ಳೋಕೂ ಗುಂಡಿಗೆ ಬೇಕು” ಎಂದು ಯಜಮಾನರು ಅವನ ಬೆನ್ನು ತಟ್ಟಿದರು.

ಅಂದಾಜಣ್ಣ ಬಾಯಿ ಮುಚ್ಚಿಕೊಂಡಿದ್ದರೆ ಬಚಾವಾಗುತ್ತಿದ್ದ. ಆದರೆ ಹೊಟ್ಟೆಯೊಳಗೆ ಉರಿ ಎದ್ದಿತು. ಕೈಚಳಕ ಅವನದು, ತಲೆ ಅವನದು, ಈಗ ಒಳ್ಳೆಯತನವೂ ಅವನದೇ ಆಗಬೇಕೇ?

“ಅವನದೇನೂ ಇಲ್ಲ. ಹೇಳದೆ ಎತ್ಕೊಂಡಿದ್ದು ನಾನು, ಕೆಡಿಸಿದ್ದೂ ನಾನೇ” ಎಂದ.

ಮರುದಿನದಿಂದ ಅವನು ಹೊಳಪು ಉಜ್ಜುತ್ತಿದ್ದಾನೆ, ಅದೂ ಭಾಮೈದ ಕೊಯ್ದ ಮೆಟ್ಟಿಲಿಗೆ. ಗಂಡನ ಪ್ರಾಮಾಣಿಕತೆಯನ್ನು ಹೆಂಡತಿ ಬೀದಿಯಲ್ಲೆಲ್ಲ ಹೇಳಿಕೊಂಡು ಬರುತ್ತಾಳೆ. ಅದು ಬರೀ ಹೊಟ್ಟೆಕಿಚ್ಚಾಗಿತ್ತು ಎಂದು ಅವಳಿಗೆ ತಿಳಿಸಲು ಅವನಿಗೆ ಮನಸ್ಸಾಗುವುದಿಲ್ಲ. ತಮ್ಮನನ್ನು ಬಿಟ್ಟು ಅವಳು ತನ್ನನ್ನು ಹೊಗಳಿದ್ದು ಅದೊಂದೇ ಸಲ.